ಆಯಿ ಮನೆಯಲ್ಲಿ ಕೌದಿ ಹೊಲಿದೆವು

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡುತ್ತಿರೋದು ನರಗುಂದದ ಹತ್ತಿರ ಇರೋ ನಮ್ಮ ಆಯಿ, ಅಂದರೆ ಅಜ್ಜಿಯ ಮನೆಯ ಪಡಸಾಲೆ. ನೆಲದ ತುಂಬ ಹಳೇ ಸೀರೆ, ಧೋತರ, ಮಾವನ ಲುಂಗಿ. ಇದೆಲ್ಲ ಸೇರಿ ಕೌದಿ, ಅಂದರೆ ಹಳೇ ಬಟ್ಟೆ ಪದರ ಪದರವಾಗಿ ಹೊಲಿದ ಹೊದಿಕೆ, ಆಗಬೇಕು. ಮಳೆಗಾಲದಲ್ಲಿ ಅಕ್ಕನ ಹೆರಿಗೆ. ಬಾಣಂತಿ, ಕೂಸು ಇಬ್ಬರಿಗೂ ಸಾಲುವಷ್ಟು ದೊಡ್ಡದೇ ಬೇಕು ಅಂತ ಆಯಿಯ ಆರ್ಡರ್.

ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆ. ತವರಿಗೆ ಬಂದ ಹೆಣ್ಣುಮಕ್ಕಳೂ ಕೈಗೆ ಸಿಗುತ್ತಾರೆ. ಕೌದಿಗೆ ಇದೇ ಸರಿಯಾದ ಕಾಲ.

ಈ ಕೆಂಪು ತುಂಡನ್ನು ಸ್ವಲ್ಪ ಹತ್ತಿರದಿಂದ ನೋಡಿ. ಆಯಿಯ ಇಳಕಲ್ ಸೀರೆಯ ಸೆರಗು ಇದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಉಟ್ಟು ಉಟ್ಟು ಒಡಲು ಜಾಳಾಗಿದೆ. ಕೂಡಿಸಿದ ಜಾಗ ಮಾತ್ರ ಇನ್ನೂ ಗಟ್ಟಿ. ಅದನ್ನು ಕತ್ತರಿಸೋಕೆ ಆಯಿ ಬಿಡಲಿಲ್ಲ, ಹಾಗೇ ಇಡೀ ಪಟ್ಟಿ ಇಟ್ಟೆವು.

ನಾಲ್ಕೂ ಬದಿಗೆ ಒಬ್ಬೊಬ್ಬರು ಕೂತರು. ಅಂಚು ಮಡಚಿ, ಅಲ್ಲಿಂದ ಶುರು ಮಾಡಿ, ಸುತ್ತು ಸುತ್ತಾಗಿ ಒಳಗೆ ಬರೋದು ನಮ್ಮ ಮನೆ ಪದ್ಧತಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿ, ಅವರ ಕವಂದಿಯೂ ಹೀಗೇ ನಡುವಿನ ಕಡೆ ಬರುತ್ತದೆ. ಅವರು ಮೂಲೆಗಳಿಗೆ ಬಟ್ಟೆ ಮಡಚಿ ಹೂವು ಇಡುತ್ತಾರೆ, ಅದರ ಅಂದವೇ ಬೇರೆ. ನಮಗೆ ಅಷ್ಟು ಬರಲ್ಲ.

ಈಗ ಹೊಲಿಗೆ ನೋಡಿ. ಈ ಕಡೆ ಚಿಗವ್ವನದು, ಇರುವೆ ಸಾಲಿನ ಹಾಗೆ ಸಣ್ಣಗೆ, ಒಂದೇ ಸಮ. ಆ ಕಡೆ ದೊಡ್ಡವ್ವನದು. ಕಣ್ಣಿನ ಆಪರೇಷನ್ ಆದ ಮೇಲೆ ಅವಳ ಹೊಲಿಗೆ ಉದ್ದುದ್ದ, ಗೆರೆ ಎಲ್ಲೋ ಶುರುವಾಗಿ ಎಲ್ಲೋ ಹೋಗುತ್ತದೆ. ನನ್ನ ತಂಗಿಗೆ ಇದನ್ನು ನೋಡಿ ಸುಮ್ನೆ ಇರೋಕೆ ಆಗಲಿಲ್ಲ. ಮೊಬೈಲ್‌ನಲ್ಲಿ ಮಾರಾಟದ ಕೌದಿಯ ಫೋಟೋ ತೋರಿಸಿ, ಇದನ್ನು ಬಿಚ್ಚಿ ಮತ್ತೆ ಹಾಕೋಣ ಅಂದಳು. ಆಯಿ ತಲೆ ಎತ್ತದೆ ಮೆಲ್ಲಗೆ ಹೇಳಿದಳು: "ಬಿಚ್ಚಬ್ಯಾಡ. ಬಿಚ್ಚಿದ್ರ ಆಕಿ ಎದ್ದ ಹೋಗ್ತಾಳ. ಮತ್ತ ಕರ್ಕೊಂಡ್ ಬರಾವ್ರು ಯಾರು?"

ಮಾರೋ ಕೌದಿ ನೆಟ್ಟಗೇ ಇರಬೇಕು, ಸರಿ. ಹೊಲಿಯುವವರಿಗೆ ಅದು ಹೊಟ್ಟೆಪಾಡು, ಕೊಳ್ಳುವವರು ದುಡ್ಡು ಕೊಟ್ಟಿರುತ್ತಾರೆ. ಮನೆ ಕೌದಿಗೆ ಆ ಲೆಕ್ಕ ಯಾಕೆ ಬೇಕು ಹೇಳಿ?

ಇನ್ನೊಂದು ವಿಷಯ, ವಿಡಿಯೋದಲ್ಲಿ ಹೇಳಬೇಕೋ ಬೇಡವೋ ಗೊತ್ತಿಲ್ಲ. ದೊಡ್ಡವ್ವನಿಗೂ ಮಾವನ ಹೆಂಡತಿ, ನಮ್ಮ ಅತ್ತಿಗೂ ಮಾತಿರಲಿಲ್ಲ. ಒಂದು ಮದುವೆಯಲ್ಲಿ ಆಯೇರಿ (ಉಡುಗೊರೆ) ಸೀರೆ ವಿಷಯಕ್ಕೆ ಮುನಿಸು. ಅದಕ್ಕೇ ಇಬ್ಬರೂ ಎದುರು ಬದುರು ಅಂಚು ಹಿಡಿದು ಕೂತಿದ್ದರು. ಆದರೆ ಅಂಚಿನಿಂದ ಹೊಲಿಯುತ್ತಾ ಬಂದಂತೆ ಸಡಿಲ ಬಟ್ಟೆ ಎಲ್ಲ ನಡುವೆ ಬಂದು ಉಬ್ಬಿಕೊಳ್ಳುತ್ತದೆ. ಒಬ್ಬರು ಜಗ್ಗಿ ಹಿಡಿಯದೆ ಇನ್ನೊಬ್ಬರಿಗೆ ಸೂಜಿ ಹಾಕೋಕೆ ಬರಲ್ಲ. ಹೊಲಿಯುತ್ತಾ ಹೊಲಿಯುತ್ತಾ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಬಂದುಬಿಟ್ಟಿದ್ದರು.

"ಆ ಕಡಿ ಸ್ವಲ್ಪ ಜಗ್ಗಿ ಹಿಡಿ."

"ಹಿಡ್ದೇನ್ರಿ ಅಕ್ಕಾರ, ನೀವು ಹಾಕ್ರಿ."

ಅಷ್ಟೇ ಮಾತು. ಚಿಗವ್ವ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಕ್ಯಾಮೆರಾ ಅಲುಗಾಡಿದ್ದು ನಾನು ನಗು ತಡೆದುಕೊಂಡಿದ್ದಕ್ಕೆ.

ಕೊನೆಯ ಸುತ್ತು ಮುಚ್ಚುವ ಮೊದಲು ಆಯಿ ನಡುವೆ ನಾಲ್ಕು ಅಕ್ಕಿ ಕಾಳು ಹಾಕಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಪಕ್ಕದಲ್ಲೇ ಒಂದು ಸಣ್ಣ ಉಬ್ಬು ಉಳಿದಿದೆ, ನೋಡಿ. ಎಷ್ಟು ಜಗ್ಗಿದರೂ ಹೋಗಲಿಲ್ಲ.

ಇನ್ನು ತೊಳೆಯೋದು ಬಾಕಿ. ಕಾಲುವೆಗೆ ನೀರು ಬಿಟ್ಟ ಮೇಲೆ ಹೋಗಬೇಕು. ನೆನೆದ ಕೌದಿ ಹಿಂಡೋಕೆ ಇಬ್ಬರು ಬೇಕೇ ಬೇಕು, ಅಷ್ಟು ಭಾರ. ಸೋಪಿನ ಪುಡಿ ಹಾಕಬೇಕೋ, ಬರೀ ಸೋಪು ಸಾಕೋ ಅಂತ ದೊಡ್ಡವ್ವ ಮತ್ತು ಅತ್ತಿ ಈಗಲೇ ಜಗಳ ಶುರು ಮಾಡಿದ್ದಾರೆ. ಅದು ಮುಂದಿನ ವಿಡಿಯೋದಲ್ಲಿ.