ಅಂಗದಾನಕ್ಕೆ ಹೂಂ ಅನ್ನೋದಾ, ಬೇಡ ಅನ್ನೋದಾ? ಮನೆಯವರು ತೀರ್ಮಾನಿಸುವ ಬಗೆ

[ತೆರೆಯಲ್ಲಿ: ಐಸಿಯು ಮಾನಿಟರ್]

ಎದೆ ಏರಿಳಿಯುತ್ತಿದೆ. ಕೈ ಮುಟ್ಟಿದರೆ ಬೆಚ್ಚಗಿದೆ. ಆದರೆ ಡಾಕ್ಟರ್ ಬಂದು, "ಇವರು ತೀರಿಕೊಂಡಿದ್ದಾರೆ" ಎನ್ನುತ್ತಾರೆ. ನಂಬೋದು ಹೇಗೆ?

ಎಷ್ಟೋ ಮನೆಯವರು ಅಂಗದಾನ ಬೇಡ ಎನ್ನುವುದು ಇಲ್ಲೇ. ಕೊಡುವ ಮನಸ್ಸಿಲ್ಲ ಅಂತಲ್ಲ, ಸಾವೇ ಇನ್ನೂ ಮನಸ್ಸಿಗೆ ಇಳಿದಿರುವುದಿಲ್ಲ.

ಕೋಮಾದಲ್ಲಿರುವವರು ಬದುಕಿದ್ದಾರೆ, ಕೆಲವರು ಚೇತರಿಸಿಕೊಳ್ಳುತ್ತಾರೆ. ಬ್ರೇನ್ ಡೆತ್ ಹಾಗಲ್ಲ. ಅದು ಸಾವೇ. ಉಸಿರಾಟ ನಡೆಸುವ ಮೆದುಳಿನ ಕಾಂಡ ನಿಂತುಹೋಗಿದೆ, ಗಾಳಿ ತುಂಬುತ್ತಿರುವುದು ವೆಂಟಿಲೇಟರ್. ಹೃದಯ ತನ್ನಷ್ಟಕ್ಕೆ ಬಡಿಯಬಲ್ಲದು. ಆಮ್ಲಜನಕ ಸಿಗುತ್ತಿರುವುದರಿಂದ ಸ್ವಲ್ಪ ಕಾಲ ಬಡಿಯುತ್ತದೆ, ಅಷ್ಟೇ.

[ತೆರೆಯಲ್ಲಿ: ಮೆದುಳಿನ ಕಾಂಡದ ಚಿತ್ರ]

ಡಾಕ್ಟರ್‌ಗಳು ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಾರೆ. ವೆಂಟಿಲೇಟರ್ ಸ್ವಲ್ಪ ಹೊತ್ತು ತೆಗೆದು, ಸ್ವಂತ ಉಸಿರು ಬರುತ್ತದಾ ಎಂದು ಪರೀಕ್ಷಿಸುತ್ತಾರೆ. ಇವರು ಕಸಿ ಮಾಡುವ ತಂಡದವರಾಗಿರಬಾರದು. ಕೆಲವು ಕಡೆ ಮನೆಯವರು ಪಕ್ಕದಲ್ಲೇ ನಿಂತು ಈ ಪರೀಕ್ಷೆ ನೋಡಬಹುದು. ಅನುಮಾನ ಇದ್ದರೆ ಖಂಡಿತ ಕೇಳಿ ನೋಡಿ. ಯಾರ ಮಾತಿಗಿಂತಲೂ ಕಣ್ಣಾರೆ ಕಂಡದ್ದು ಮನಸ್ಸಿಗೆ ನಾಟುತ್ತದೆ, ಅಲ್ವಾ?

ಕೇಳುವ ಹೊತ್ತೂ ಮುಖ್ಯ. ಸಾವಿನ ಸುದ್ದಿಯ ಬೆನ್ನಲ್ಲೇ ಅಂಗದಾನದ ಮಾತು ತೆಗೆದರೆ, "ಇದಕ್ಕೇ ಕೈಬಿಟ್ಟರಾ?" ಎಂಬ ಸಂಶಯ ಹುಟ್ಟುತ್ತದೆ. ಅದಕ್ಕೇ ತರಬೇತಿ ಪಡೆದ ಸಂಯೋಜಕರು ಸ್ವಲ್ಪ ಬಿಟ್ಟು, ಬೇರೆಯಾಗಿ ಕೂತು ಮಾತಾಡುತ್ತಾರೆ. ಆದರೂ ದಿನಗಟ್ಟಲೆ ಕಾಯಲು ಆಗುವುದಿಲ್ಲ. ರಕ್ತದೊತ್ತಡ ಕುಸಿಯುತ್ತಾ ಬಂದರೆ ಅಂಗಗಳು ಕೆಡುತ್ತವೆ.

ಆ ಕೆಲವೇ ಗಂಟೆಗಳಲ್ಲಿ ಮನೆಯೊಳಗೆ ಏನೇನೋ ನಡೆಯುತ್ತದೆ. ಹೆಂಡತಿ ಒಪ್ಪಿದರೂ ಅಣ್ಣ ಒಪ್ಪುವುದಿಲ್ಲ. ಒಬ್ಬರು ಬೇಡ ಎಂದರೆ ಉಳಿದವರು ಸುಮ್ಮನಾಗುತ್ತಾರೆ. ದೇಹ ವಿಕಾರವಾಗುತ್ತದೆ ಎಂಬ ಹೆದರಿಕೆಯೂ ಇರುತ್ತದೆ. ಅದು ಬೇಕಿಲ್ಲ, ಹೊಲಿಗೆ ಹಾಕಿಯೇ ದೇಹ ಕೊಡುತ್ತಾರೆ, ಮುಖ ನೋಡಬಹುದು.

ಈ ಗೊಂದಲವನ್ನು ಎಲ್ಲಕ್ಕಿಂತ ಜಾಸ್ತಿ ತಿಳಿಗೊಳಿಸುವುದು ಒಂದೇ ಸಂಗತಿ: ತೀರಿಕೊಂಡವರು ಹಿಂದೆ ಏನು ಹೇಳಿದ್ದರು ಎಂಬುದು. ಗೊತ್ತಿದ್ದರೆ ಮನೆಯವರು ಅದನ್ನು ನಡೆಸಿಕೊಡುತ್ತಾರೆ. ಗೊತ್ತಿಲ್ಲದಿದ್ದರೆ ಊಹಿಸಬೇಕು, ಆ ಭಾರ ತುಂಬಾ ದೊಡ್ಡದು. ಸ್ಪೇನ್‌ನಲ್ಲಿ 1979ರ ಕಾನೂನಿನ ಪ್ರಕಾರ, ಬೇಡ ಎಂದು ಹೇಳದಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಆದರೂ ಅಲ್ಲಿ ಮನೆಯವರನ್ನು ಕೇಳುತ್ತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಎಲ್ಲಾ ಕೊಡಬೇಕು, ಇಲ್ಲವೇ ಏನೂ ಕೊಡಬಾರದು ಅಂತೇನಿಲ್ಲ. "ಕಿಡ್ನಿ, ಲಿವರ್ ತೆಗೆದುಕೊಳ್ಳಿ, ಕಣ್ಣು ಬೇಡ" ಎಂದು ಹೇಳುವ ಮನೆಯವರಿದ್ದಾರೆ. ಒಪ್ಪಿಗೆ ಪತ್ರದಲ್ಲಿ ಅದನ್ನು ಹಾಗೆಯೇ ಬರೆಸಬಹುದು.