ಗೇಣು ಕಾಲು, ಮೊಳದ ಬೆನ್ನು

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಗೆ ಮೊದಲ ಸಲ ಕೊರಿಯರ್ ತರುವ ಹುಡುಗರು ಗೇಟಿನ ಆಚೆಯೇ ನಿಂತುಬಿಡುತ್ತಾರೆ. ಒಳಗಿನ ಬೊಗಳು ಕೇಳಿದರೆ ದೊಡ್ಡ ಅಲ್ಸೇಷಿಯನ್ ಇರಬೇಕು ಅನ್ನಿಸುತ್ತದೆ. ಬಾಗಿಲು ತೆಗೆದರೆ ಹೊರಗೆ ಬರುವವನು ಕಡ್ಲೆ. ಕಾಲು ಗೇಣುದ್ದವೂ ಇಲ್ಲ, ಮೈ ಮಾತ್ರ ಯಾರೋ ಹಿಡಿದು ಎಳೆದ ಹಾಗಿದೆ. ನಮ್ಮ ಡ್ಯಾಶ್‌ಹಂಡ್. "ಅಯ್ಯೋ, ಇದಾ!" ಅಂತ ನಗುತ್ತಾರೆ.

ನನಗೂ ನಗು ಬರುತ್ತದೆ ಅನ್ನಿ. ಆದರೆ ಆ ಗಂಟಲೂ ಆ ಕಾಲೂ ಸುಮ್ನೆ ಬಂದಿದ್ದಲ್ಲ. ಇದು ಜರ್ಮನಿಯ ಬೇಟೆನಾಯಿ. ಅಲ್ಲಿನ ಭಾಷೆಯಲ್ಲಿ ಡಾಕ್ಸ್ ಅಂದರೆ ಬ್ಯಾಡ್ಜರ್ ಅನ್ನುವ ಕಾಡುಪ್ರಾಣಿ, ಹುಂಡ್ ಅಂದರೆ ನಾಯಿ. ಬ್ಯಾಡ್ಜರಿನ ಮುಖದ ಮೇಲೆ ಕಪ್ಪು ಬಿಳಿ ಪಟ್ಟೆ, ವಾಸ ನೆಲದಡಿಯ ಬಿಲದಲ್ಲಿ, ಕೆಣಕಿದರೆ ಕಚ್ಚದೆ ಬಿಡುವುದಿಲ್ಲ. ನಮ್ಮ ಮುಧೋಳದ ನಾಯಿ ಬಯಲಲ್ಲಿ ಮೊಲ ಅಟ್ಟುವಂಥದ್ದು, ಅದಕ್ಕೆ ಉದ್ದ ಕಾಲು ಬೇಕು. ಬ್ಯಾಡ್ಜರ್ ಹಿಡಿಯಲು ಬಿಲಕ್ಕೆ ನುಗ್ಗುವವನಿಗೆ ಅದು ಅಡ್ಡಿ, ಅಲ್ವಾ? ಅವನಿಗೆ ಬೇಕಾದ್ದು ಗುದ್ದಲಿಯಂಥ ಮುಂಗಾಲು, ಮಣ್ಣಿನಡಿಯಿಂದ ಕೂಗಿದರೂ ಮೇಲೆ ನಿಂತ ಬೇಟೆಗಾರನಿಗೆ ಕೇಳುವಂಥ ಗಂಟಲು. ಬಿಲದೊಳಗೆ ಹೇಳಿಕೊಡಲು ಯಜಮಾನ ಇರುವುದಿಲ್ಲ, ಸ್ವಂತ ಬುದ್ಧಿಯಲ್ಲೇ ನಡೆಯಬೇಕು. ನಾನು "ಬಾರೋ" ಅಂದಾಗ ಕಡ್ಲೆ ಹೋಗಲೋ ಬೇಡವೋ ಅಂತ ಯೋಚಿಸುವುದು ಅದಕ್ಕೇ. ನಮ್ಮ ದಾಸವಾಳದ ಕುಂಡಗಳನ್ನು ಅವನು ಮೂರು ಸಲ ಖಾಲಿ ಮಾಡಿದ್ದಾನೆ. ಮೂಗಿನ ಮೇಲೆ ಮಣ್ಣು ಇಟ್ಟುಕೊಂಡೇ ನಾನಲ್ಲ ಅನ್ನುವ ಮುಖ ಮಾಡುತ್ತಾನೆ.

ಜರ್ಮನ್ನರು ಇದನ್ನು ಅಕ್ಕರೆಯಿಂದ ಡಾಕೆಲ್ ಅನ್ನುತ್ತಾರೆ. 1972ರ ಮ್ಯೂನಿಕ್ ಒಲಿಂಪಿಕ್ಸಿನ ಲಾಂಛನದ ಗೊಂಬೆ ವಾಲ್ಡಿ ಇದೇ ಜಾತಿ. ಮ್ಯಾರಥಾನ್ ಓಟದ ದಾರಿಯನ್ನೂ ನಕ್ಷೆಯ ಮೇಲೆ ವಾಲ್ಡಿಯ ಆಕಾರ ಬರುವಂತೆಯೇ ಎಳೆದಿದ್ದರು.

ನುಣುಪು ಕೂದಲು, ಉದ್ದ ಕೂದಲು, ಒರಟು ಕೂದಲು ಅಂತ ಮೂರು ಬಗೆ. ನಮ್ಮ ಸೆಕೆಗೆ ನುಣುಪು ಕೂದಲಿನದೇ ವಾಸಿ. ದೊಡ್ಡದು ಸುಮಾರು 9 ಕಿಲೋ ತೂಗುತ್ತದೆ, ಮಿನಿಯೇಚರ್ 5 ಕಿಲೋ ಒಳಗೆ. ಹನ್ನೆರಡು ವರ್ಷ ದಾಟಿ ಬದುಕುವುದು ಸಾಮಾನ್ಯ.

ಇನ್ನು ಬೆನ್ನಿನ ವಿಷಯ. ಇದನ್ನು ಹೇಳಲೆಂದೇ ಇವತ್ತು ಬಂದೆ. ಎಫ್‌ಜಿಎಫ್-4 ಅನ್ನುವ ಜೀನಿನ ಹೆಚ್ಚುವರಿ ಪ್ರತಿಗಳು ಈ ನಾಯಿಗಳಲ್ಲಿವೆ. ಕಾಲು ಗಿಡ್ಡವಾಗುವುದು ಅದರಿಂದ. ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಚಿಕ್ಕ ವಯಸ್ಸಿಗೇ ಗಟ್ಟಿಯಾಗುವುದೂ ಅದರಿಂದಲೇ. ನಾಲ್ಕೈದು ಡ್ಯಾಶ್‌ಹಂಡುಗಳಲ್ಲಿ ಒಂದಕ್ಕೆ ಜೀವನದಲ್ಲಿ ಒಮ್ಮೆಯಾದರೂ ಡಿಸ್ಕಿನ ತೊಂದರೆ ಬರುತ್ತದೆ.

ನಮ್ಮವನಿಗೂ ಬಂತು, ಐದನೇ ವರ್ಷದಲ್ಲಿ. ರಾತ್ರಿ ದಿವಾನಿನಿಂದ ಜಿಗಿದ. ಬೆಳಗ್ಗೆ ಎತ್ತಿಕೊಳ್ಳಲು ಹೋದರೆ ಕಿರುಚಿದ. ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು, ಬಾಲ ಅಲ್ಲಾಡಲಿಲ್ಲ. ಡಾಕ್ಟರು ಔಷಧಿ ಕೊಟ್ಟು, ಆರು ವಾರ ಪಂಜರದಲ್ಲೇ ಇಡಿ ಅಂದರು. ಅವನ ಗೋಳಾಟ ಕೇಳಿ ನನ್ನ ಅತ್ತೆ ಪಂಜರದ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ಹಿಂಗಾಲು ಎಳೆದುಕೊಂಡು ನಡೆದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಎತ್ತಿಕೊಳ್ಳುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಬೆನ್ನು ನೆಲಕ್ಕೆ ಸಮನಾಗಿರಲಿ. ಕಂಕುಳಿಗೆ ಕೈ ಹಾಕಿ ಮಗುವಿನ ಹಾಗೆ ಎತ್ತಬೇಡಿ. ಮತ್ತೆ ತೂಕ. ಪಕ್ಕೆ ಸವರಿದರೆ ಎಲುಬು ಕೈಗೆ ಸಿಗಬೇಕು. "ಪಾಪ, ನೋಡ್ತಾ ಇದಾನೆ" ಅಂತ ತಟ್ಟೆಯಿಂದ ತುಪ್ಪದ ದೋಸೆ ಹಾಕುವವರು ನಮ್ಮ ಮನೆಯಲ್ಲೂ ಇದ್ದರು. ಹೆಸರು ಹೇಳುವುದಿಲ್ಲ, ಈಗ ಅವರೂ ರೇಡಿಯೋ ಕೇಳುತ್ತಿದ್ದಾರೆ.

ಈಗ ದಿವಾನಿಗೆ ಒಂದು ಹಲಗೆ ಓರೆಯಾಗಿ ಇಟ್ಟು, ಜಾರದಂತೆ ಗೋಣಿಚೀಲ ಹೊಡೆದಿದ್ದೇವೆ. ಕಡ್ಲೆ ಹತ್ತುವಾಗ ರಾಜನ ಹಾಗೆ ಅದರ ಮೇಲೆ ಹತ್ತುತ್ತಾನೆ. ಇಳಿಯುವಾಗ ಮೊದಲು ನನ್ನ ಕಡೆ ನೋಡುತ್ತಾನೆ. ನಾನು ನೋಡುತ್ತಿದ್ದರೆ ಹಲಗೆ, ಇಲ್ಲದಿದ್ದರೆ ಪಕ್ಕದಿಂದ ಒಂದೇ ನೆಗೆತ.

ನಮಸ್ಕಾರ.