ಲೂಪರ್ ನುಡಿಸುವುದು ಕಾಲು

ಎಲ್ಲರಿಗೂ ನಮಸ್ಕಾರ. ಕೊಡಗಿನ ಹೋಮ್‌ಸ್ಟೇ, ರೆಸಾರ್ಟು, ಮದುವೆ ಮನೆಗಳಲ್ಲಿ ಒಬ್ಬರೇ ಗಿಟಾರ್ ಹಿಡಿದು ಹಾಡುವವರು ಈ ಸಭೆಯಲ್ಲಿ ಹಲವರಿದ್ದೀರಿ. ಹಾಗಾಗಿ ಲೂಪರ್ ಏನೆಂದು ವಿವರಿಸುತ್ತ ಕೂರುವುದಿಲ್ಲ. ಕಾಲಿನಿಂದ ಒತ್ತುವ ಈ ಪೆಡಲ್, ನುಡಿಸಿದ ತುಣುಕನ್ನು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುತ್ತದೆ, ಅದರ ಮೇಲೆ ನಾವು ಇನ್ನೊಂದು ಪದರ ಹಾಕಬಹುದು. 1970ರ ದಶಕದಲ್ಲಿ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಮತ್ತು ಸಂಗೀತಗಾರ ಬ್ರಯಾನ್ ಈನೋ ಎರಡು ಟೇಪ್ ರೆಕಾರ್ಡರ್‌ಗಳ ನಡುವೆ ಒಂದೇ ಟೇಪು ಹಾಯಿಸಿ ಮಾಡುತ್ತಿದ್ದುದು ಹೆಚ್ಚುಕಡಿಮೆ ಇದನ್ನೇ. ಈಗ ಅದು ಅಂಗೈಯಗಲದ ಪೆಟ್ಟಿಗೆಯೊಳಗೆ ಬಂದಿದೆ.

ಲೂಪರ್ ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ನಿಮಿಷ ರೆಕಾರ್ಡ್ ಆಗುತ್ತದೆ, ಎಷ್ಟು ಟ್ರ್ಯಾಕ್ ಇದೆ ಎಂದು. ನನ್ನ ಪ್ರಕಾರ ಅದಲ್ಲ ಮುಖ್ಯ. ಎರಡನೇ ಸಲ ಒತ್ತುವುದೇ ಎಲ್ಲ. ಮೊದಲ ಒತ್ತಿಗೆ ರೆಕಾರ್ಡ್ ಶುರು, ಎರಡನೆಯದಕ್ಕೆ ಲೂಪಿನ ಉದ್ದ ನಿಂತುಹೋಗುತ್ತದೆ. ಹೆಚ್ಚಿನವರು ಕೊನೆಯ ಪೆಟ್ಟು ಮುಗಿಯುತ್ತಿದ್ದಂತೆ ಒತ್ತಿಬಿಡುತ್ತಾರೆ. ಒತ್ತಬೇಕಾದದ್ದು ಮುಂದಿನ ಆವರ್ತದ ಮೊದಲ ಪೆಟ್ಟಿನ ಮೇಲೆ, ಕೈ ನಿಲ್ಲಿಸದೆ. ನಿಮಿಷಕ್ಕೆ 120 ಪೆಟ್ಟಿನ ಗತಿಯಲ್ಲಿ 16 ಪೆಟ್ಟಿನ ಲೂಪು 8 ಸೆಕೆಂಡು. ಕಾಲು ಬರೀ 50 ಮಿಲಿಸೆಕೆಂಡ್ ತಡವಾಯಿತು ಅನ್ನಿ. ಗತಿ ಬಿಡದೆ ಬಾರಿಸುವವರು ಪಕ್ಕದಲ್ಲಿದ್ದರೆ ಐದು ನಿಮಿಷದಲ್ಲಿ ನೀವೂ ಅವರೂ ಹತ್ತಿರಹತ್ತಿರ ಎರಡು ಸೆಕೆಂಡು ದೂರವಾಗಿರುತ್ತೀರಿ. ಕೊಡವರ ಹಾಡುಗಾರಿಕೆಯಾದ ಬಾಳೋಪಾಟ್‌ನಲ್ಲಿ ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಮರಳಿ ಹಾಡುತ್ತಾರಲ್ಲ, ಅಲ್ಲಿ ಯಾರಾದರೂ ತುಸು ಹಿಂದೆ ಬಿದ್ದರೆ ದುಡಿ ಎಂಬ ಚಿಕ್ಕ ಚರ್ಮವಾದ್ಯ ಕಾದು ಸೇರಿಸಿಕೊಳ್ಳುತ್ತದೆ. ಲೂಪರ್‌ಗೆ ಆ ದಾಕ್ಷಿಣ್ಯ ಇಲ್ಲ.

ಅದಕ್ಕೇ ದುಡಿ, ಕೊಟ್ಟ್‌ನಂಥ ಚರ್ಮವಾದ್ಯ ಬಾರಿಸುವವರನ್ನು ಜೊತೆಗೆ ಕರೆದಾಗ ಯಾರು ಯಾರ ಹಿಂದೆ ಹೋಗಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಲೂಪು ಮುಂದೆ ಹೋಗುವುದಾದರೆ ಅವರ ಕಿವಿಯ ಹತ್ತಿರವೇ ಒಂದು ಮಾನಿಟರ್ ಸ್ಪೀಕರ್ ಇರಬೇಕು. ಕೇಳಿಸದ ಲೂಪಿಗೆ ತಾಳ ಹಾಕಲು ಯಾರಿಂದಲೂ ಆಗದು. ಕುಣಿಸುವ ಆರರ ನಡೆ ಹಿಡಿದಿದ್ದರೆ ಲೂಪಿನ ಉದ್ದವನ್ನು ತಾನೇ ನಾಲ್ಕರ ಲೆಕ್ಕಕ್ಕೆ ಕೂಡಿಸುವ ಪೆಡಲ್‌ನ ಕ್ವಾಂಟೈಸ್ ಆಫ್ ಮಾಡಿ. ವಾಲಗದವರು ಮೈಬಿಟ್ಟು ಬಾರಿಸುವ ಹೊತ್ತಿನಲ್ಲಂತೂ ಲೂಪು ನಿಲ್ಲಿಸಿ ಸುಮ್ಮನೆ ನಿಂತುಕೊಳ್ಳುವುದೇ ಲೇಸು.

ದುಡಿಯನ್ನೇ ಲೂಪ್ ಮಾಡುವಾಗ ಇನ್ನೊಂದು ತೊಡಕು. ಗಿಟಾರ್ ವೈರಿನಿಂದ ನೇರ ಬರುತ್ತದೆ, ದುಡಿ ಮೈಕಿನಿಂದ ಬರುತ್ತದೆ. ಸ್ಪೀಕರಿನಲ್ಲಿ ಸುತ್ತುತ್ತಿರುವ ಲೂಪು ಅದೇ ಮೈಕಿಗೆ ಮತ್ತೆ ನುಗ್ಗಿ ಪ್ರತಿ ಓವರ್‌ಡಬ್‌ನಲ್ಲೂ, ಅಂದರೆ ಮೇಲೆ ಹಾಕುವ ಪ್ರತಿ ಪದರದಲ್ಲೂ, ಕೆಸರು ಕಟ್ಟುತ್ತದೆ. ಮೂರನೇ ಪದರದ ಹೊತ್ತಿಗೆ ದುಡಿಯ ಚರ್ಮದ ಚಟ್ ಎನ್ನುವ ಸದ್ದೇ ಇರುವುದಿಲ್ಲ. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದಿನದು ಬಹಳ ಕಮ್ಮಿ ಕೇಳಿಸುತ್ತದೆ, ಆದ್ದರಿಂದ ಮಾನಿಟರನ್ನು ಮೈಕಿನ ಬೆನ್ನಿಗೆ ಇಡಿ. ಮೈಕನ್ನು ಚರ್ಮದ ಹತ್ತಿರಕ್ಕೆ ತನ್ನಿ.

ಇನ್ನು ಕಾಲಿನ ಕಡೆಗೆ. ಒಂದೇ ಸ್ವಿಚ್ಚಿನ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಎರಡು ಸಲ ಬೇಗ ಒತ್ತಿದರೆ ಲೂಪು ನಿಲ್ಲುತ್ತದೆ. ಹಾಡು ಮುಗಿಸಬೇಕಾದ ಕ್ಷಣದಲ್ಲಿ ಅದನ್ನು ತಾಳಕ್ಕೆ ಸರಿಯಾಗಿ ಒತ್ತುವುದು ಕಷ್ಟ. ಹೊರಗಿನ ಸ್ವಿಚ್ ಜೋಡಿಸಲು ಜಾಗವಿದ್ದರೆ ‘ಸ್ಟಾಪ್’ ಅನ್ನು ಅಲ್ಲಿಗೆ ಕೊಡಿ. ನಾನು ಹಣ ಹಾಕುವುದಾದರೆ ಮೊದಲು ಇದಕ್ಕೆ. ಕೊಳ್ಳುವಾಗ ಒತ್ತಿದಾಗಷ್ಟೇ ಕೂಡುವ ಸ್ವಿಚ್ಚೋ, ಒತ್ತಿದಲ್ಲೇ ನಿಲ್ಲುವುದೋ ಕೇಳಿ. ಮೊದಲನೆಯದು ಬೇಕಾದಲ್ಲಿ ಎರಡನೆಯದು ಬಂದರೆ ಒಂದು ಬಿಟ್ಟು ಒಂದು ಒತ್ತಿಗೆ ಮಾತ್ರ ಲೂಪರ್ ಓಗೊಡುತ್ತದೆ, ನೀವು ಪೆಡಲ್ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಅಂಕಿಯ ಸಂದೇಶ ಕಳಿಸಿ ಲೂಪರನ್ನು ನಡೆಸುವ ಮಿಡಿ ಫುಟ್ ಕಂಟ್ರೋಲರ್‌ನಲ್ಲೂ ಇದೇ ಕಥೆ: ಒತ್ತಿದಾಗ 127, ಬಿಟ್ಟಾಗ 0 ಕಳಿಸುತ್ತದೆ, ಎರಡಕ್ಕೂ ಲೂಪರ್ ಸ್ಪಂದಿಸುವಂತೆ ಇಟ್ಟಿದ್ದರೆ ರೆಕಾರ್ಡ್ ಶುರುವಾಗಿ ಆಗಲೇ ಮುಗಿದಿರುತ್ತದೆ. ದಪ್ಪ ಅಟ್ಟೆಯ ಬೂಟು ಬೇಡ. ಬರಿಗಾಲಿನಲ್ಲಿ ಸ್ವಿಚ್ಚಿನ ಕ್ಲಿಕ್ ಬೆರಳಿಗೆ ಗೊತ್ತಾಗುತ್ತದೆ.

ಮಳೆಗಾಲದ ವಿಷಯ ನಿಮಗೆ ನಾನು ಹೇಳಬೇಕೇ! ಜಾಕುಗಳಿಗೆ ತೇವ ಹಿಡಿದು ಗರಗರ ಎನ್ನುತ್ತವೆ, ಕಾಂಟ್ಯಾಕ್ಟ್ ಕ್ಲೀನರ್ ಬ್ಯಾಗಿನಲ್ಲಿರಲಿ. ಕರೆಂಟು ಹೋಗಿ ಜನರೇಟರ್ ಹಿಡಿಯುವಷ್ಟರಲ್ಲಿ ಪೆಡಲ್ ಆಫ್ ಆಗಿ ಆನ್ ಆಗುತ್ತದೆ, ಸೇವ್ ಮಾಡದ ಲೂಪು ಹೋದಂತೆಯೇ. ಒಂದು ಚಿಕ್ಕ ಯುಪಿಎಸ್ಸು, ಇಲ್ಲವೇ 9 ವೋಲ್ಟಿನ ಬ್ಯಾಟರಿ ಪ್ಯಾಕು ಸಾಕು. ಆದರೂ ನುಡಿಸುವ ಪಟ್ಟಿಯಲ್ಲಿ ಲೂಪೇ ಇಲ್ಲದ ಎರಡು ಹಾಡು ಇಟ್ಟುಕೊಂಡಿರಿ.